ಮಂಗಳವಾರದ ಸೆಗಣಿ

ಡ್ರಮ್ಮು ಮತ್ತೆ ಒಂದು ಗೇಣು ಇಳಿದಿತ್ತು. ಶಂಕ್ರಮ್ಮ ಅದರ ತಣ್ಣನೆಯ ಮೈಮೇಲೆ ಅಂಗೈಯಿಟ್ಟು ನಿಂತಳು. ಹಿತ್ತಲಿನ ಗುಂಡಿಗೆ ಸೆಗಣಿ, ನೀರು ಕಲಸಿ ಬಿಟ್ಟರೆ ಒಳಗೆ ಗ್ಯಾಸು ಹುಟ್ಟಿ, ಈ ಕಬ್ಬಿಣದ ಡ್ರಮ್ಮು ಮಲಗಿದವರ ಎದೆಯಂತೆ ಸದ್ದಿಲ್ಲದೆ ಮೇಲೇಳುತ್ತಿತ್ತು. ಚಳಿಗಾಲದಲ್ಲಿ ಮೊದಲೇ ನಿಧಾನ. ಅದರ ಮೇಲೆ ನಿನ್ನೆ ಶುಕ್ರವಾರ.

ಎಂಬತ್ತೇಳರ ದೀಪಾವಳಿ ಮುಗಿದ ಮೇಲೆ ಕಲಬುರ್ಗಿಯ ದವಾಖಾನೆಯಲ್ಲಿ ಅವಳ ಎಡಗಣ್ಣಿನ ಪೊರೆ ತೆಗೆದ ಡಾಕ್ಟರು, ಇನ್ನು ಹೊಗೆಯಲ್ಲಿ ಕೂತರೆ ಈ ಕಣ್ಣು ಉಳಿಯುವುದಿಲ್ಲ ಎಂದಿದ್ದರು. ಆಮೇಲೆ ಕಮಲಾಪುರದ ಮನೆಗೆ ಗೋಬರ್ ಗ್ಯಾಸ್ ಬಂತು. ಮೊದಲ ದಿನ ಒಲೆಯ ಮೇಲೆ ಅರಳಿದ ಉರಿ ಅಗಸೆ ಹೊಲದ ನೀಲಿ ಹೂವಿನ ಬಣ್ಣದ್ದು. ರೊಟ್ಟಿ ಬಡಿಯುವುದನ್ನು ಮರೆತು ಶಂಕ್ರಮ್ಮ ಅದನ್ನೇ ನೋಡುತ್ತ ಕೂತುಬಿಟ್ಟಿದ್ದಳು.

ಆದರೆ ಆ ಗುಂಡಿಗೆ ನಾಲ್ಕು ದನದ ಸೆಗಣಿ ಬೇಕು. ಅಣ್ಣತಮ್ಮಂದಿರು ಪಾಲಾದಾಗ ಇವರಿಗೆ ಎರಡು ಎತ್ತು, ಮೈದುನ ದೌಲಪ್ಪನಿಗೆ ಎರಡು ಎತ್ತು. ನಡುವೆ ಎದೆಮಟ್ಟದ ಗೋಡೆ. ದೌಲಪ್ಪನ ಹೆಂಡತಿ ಕಸ್ತೂರಿಬಾಯಿ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಒಂದು ಬುಟ್ಟಿ ಸೆಗಣಿ, ಅವರ ಮಾತಿನಲ್ಲಿ ಹೆಂಡಿ, ದಾಟಿಸುತ್ತಿದ್ದಳು. ಗುಂಡಿಯಿಂದ ಹೊರಬಂದ ರಾಡಿಗೊಬ್ಬರದಲ್ಲಿ ಅರ್ಧ ಅವರ ಕೆಂಪು ಬಾಳೆಯ ತೋಟಕ್ಕೆ ಹೋಗುತ್ತಿತ್ತು. ಮಂಗಳವಾರ, ಶುಕ್ರವಾರ ಮಾತ್ರ ಬುಟ್ಟಿ ಬರುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಕಸ್ತೂರಿಬಾಯಿ ಅಂದಿದ್ದಳು,

"ಹೆಂಡ್ಯಾಗ ಲಕ್ಷ್ಮಿ ಇರ್ತಾಳ ಯಕ್ಕಾ. ಆ ಎರಡು ದಿನ ಮನಿ ದಾಟಿಸಬಾರ್ದು."

"ಉಳದ ಐದು ದಿನ ಲಕ್ಷ್ಮಿ ತವರಮನಿಗಿ ಹೋಗಿರ್ತಾಳೇನ?"

"ನಮ್ಮವ್ವ ಹೇಳ್ಯಾಳ. ಬೇಕಾದ್ರ ಅಕೀನ್ನೇ ಕೇಳು."

ಅವರವ್ವ ತೀರಿ ಒಂಬತ್ತು ವರ್ಷವಾಗಿತ್ತು. ಶಂಕ್ರಮ್ಮ ಮತ್ತೆ ವಾದಿಸಿರಲಿಲ್ಲ. ಮಂಗಳವಾರ, ಶುಕ್ರವಾರ ಅವಳೂ ಯಾರಿಗೂ ಹೆಪ್ಪಿಗೆ ಮಜ್ಜಿಗೆ ಕೊಟ್ಟವಳಲ್ಲ.

ಇವತ್ತು ಮೂರನೆಯ ರೊಟ್ಟಿಗೇ ಉರಿ ನಡುಗಿ ಆರಿತು. ಗಂಡ ಕಲ್ಯಾಣಪ್ಪ ತಾಟಿನ ಮುಂದೆ ಕೂತಿದ್ದ.

"ಆ ಡ್ರಮ್ಮ ತಿರುವಿ ಹಾಕಿ ಜ್ವಾಳ ತುಂಬಿದ್ರ ಹತ್ತು ಚೀಲ ಹಿಡಿತದ. ಇನ್ನೊಂದು ವಾರ ನೋಡ್ತೀನಿ. ಮತ್ತ ಹಿಂಗೇ ಆರಿತಂದ್ರ ಡ್ರಮ್ಮ ಎತ್ತಿಸಿಬಿಡ್ತೀನಿ."

ಶಂಕ್ರಮ್ಮ ಹಿತ್ತಲಿಗೆ ಬಂದು, ಮೂರು ಕಲ್ಲು ಹೂಡಿ ತೊಗರಿಕಟ್ಟಿಗೆ ಹಚ್ಚಿದಳು. ಹೊಗೆ ಗೋಡೆ ಹತ್ತಿ ಆಚೆ ಇಳಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಕಸ್ತೂರಿಬಾಯಿಯ ಮುಖ ಕಂಡಿತು.

"ಯಕ್ಕಾ, ಕಟ್ಟಿಗಿ ಹಚ್ಚೀದಿ?"

"ಹೂಂ."

"ಮತ್ತ ಕಣ್ಣ?"

ಸೆರಗಿನಿಂದ ಎಡಗಣ್ಣು ಒತ್ತಿಕೊಂಡೇ ಶಂಕ್ರಮ್ಮ ಅಂದಳು, "ಇನ್ನೊಂದು ಕಣ್ಣ ಅದ ಅಲ್ಲಾ."

ಕಸ್ತೂರಿಬಾಯಿ ನಗಲಿಲ್ಲ. ಹೊಗೆ ತೆಳುವಾಗುವವರೆಗೂ ಅಲ್ಲೇ ನಿಂತು, ಒಳಗೆ ಹೋದಳು.

ಮಂಗಳವಾರ ಊರೆಲ್ಲ ಮಂಜು. ಗೋಡೆ ಕಾಣುತ್ತಿರಲಿಲ್ಲ, ಬೇವಿನ ಮರ ಕಾಣುತ್ತಿರಲಿಲ್ಲ. ಓಣಿಯಿಂದ ಗಂಟೆಯ ಸದ್ದು ಹತ್ತಿರವಾಯಿತು. ಬಿಳುಪಿನೊಳಗಿಂದ ಮೊದಲು ಕೊಂಬು, ಆಮೇಲೆ ಎರಡು ಎತ್ತು, ಹಗ್ಗ ಹಿಡಿದ ಕಸ್ತೂರಿಬಾಯಿ. ಅವಳು ನೇರ ಶಂಕ್ರಮ್ಮನ ಕೊಟ್ಟಿಗೆಗೆ ನಡೆದು ಎತ್ತುಗಳನ್ನು ಕಟ್ಟಿದಳು.

"ಇದೇನ ತಂಗಿ?"

"ನಮ್ಮ ಕೊಟ್ಟಿಗಿ ನೆಲ ಸಾರಸೋದದ. ಮಧ್ಯಾನ್ನ ತನಕ ಇಲ್ಲೇ ಇರ್ಲಿ."

"ಮತ್ತ ಹೆಂಡಿ?"

"ಹೆಂಡಿ ನಾ ಕೊಡಂಗಿಲ್ಲ. ಅವು ಹಾಕಿದ್ರ ನಾ ಏನ್ ಮಾಡ್ಲಿ?"

"ಲಕ್ಷ್ಮಿ?"

"ತನ್ನ ಕಾಲಿಲೆ ತಾ ನಡದು ಬಂದಾಳ. ನಾ ಏನ್ ಹೊತ್ತು ತಂದಿಲ್ಲ. ಶುಕ್ರವಾರಾನೂ ನೆಲ ಸಾರಸೋದದ ನಮ್ದು."

ಶಂಕ್ರಮ್ಮ ತಲೆ ತಗ್ಗಿಸಿ ಮೇವು ಹಾಕಿದಳು. ನಾಲ್ಕೂ ಎತ್ತುಗಳು ಒಂದೇ ಸಾಲಿನಲ್ಲಿ ಮೆಲುಕು ಹಾಕತೊಡಗಿದವು, ಯಾವುದಕ್ಕೂ ಅವಸರವಿರಲಿಲ್ಲ. ಕಸ್ತೂರಿಬಾಯಿ ಹೋಗುತ್ತೇನೆಂದವಳು ಹೋಗಲಿಲ್ಲ. ಇಬ್ಬರೂ ಸೆರಗು ಹೊದ್ದುಕೊಂಡು, ಯಾವ ಎತ್ತಿನ ಬಾಲ ಮೊದಲು ಏಳುತ್ತದೆಂದು ನೋಡುತ್ತ, ಮಂಜಿನಲ್ಲಿ ನಿಂತರು.