ಆರೋಗ್ಯಮ್ಮನ ತವರಿನ ಸೀರೆ

ಒದ್ದೆ ಬಟ್ಟೆಯಿಂದ ಆರೋಗ್ಯಮ್ಮನ ಪಾದ ಒರೆಸುತ್ತಿದ್ದ ಓಣಿಯ ಲೂರ್ದಮ್ಮ ಕೈ ನಿಲ್ಲಿಸಿ ಕೇಳಿದಳು: “ಸೀರೆ ಯಾರು ತರ್ತಾರೆ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸತ್ತ ಹೆಂಗಸಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಹಳೆ ಭದ್ರಾವತಿಯ ಆ ಓಣಿಯಲ್ಲಿ ಜಪಸರ ಹಿಡಿಯುವವರೂ ಲಿಂಗ ಕಟ್ಟಿದವರೂ ಜಗಳವಾಡದೆ ಒಪ್ಪುತ್ತಿದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು. ಆದರೆ ಆರೋಗ್ಯಮ್ಮನಿಗೆ ತವರೆಂಬುದೇ ಉಳಿದಿರಲಿಲ್ಲ. ಅಪ್ಪ ಅಮ್ಮ ಪ್ಲೇಗಿನಲ್ಲಿ ಹೋಗಿದ್ದರು. ಇದ್ದೊಬ್ಬ ಅಣ್ಣ ಕೆಲಸ ಹುಡುಕಿಕೊಂಡು ಕೋಲಾರದ ಕಡೆ ಹೋದವನು ಕಾಗದ ಬರೆಯುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

“ಯಾರೂ ತರಲ್ಲ. ಅಮ್ಮಂದೇ ಬಿಳೀ ಸೀರೆ ಒಗೆದಿಟ್ಟಿದ್ದಿದೆ. ಅದನ್ನೇ ಉಡಿಸೋಣ,” ಎಂದಳು ಮಗಳು ತೆರೇಸ. ಇಪ್ಪತ್ತೆರಡರ ಹುಡುಗಿ, ಮಿಡ್ಲ್ ಸ್ಕೂಲಿನಲ್ಲಿ ಟೀಚರು. ತಾಯಿ ತೀರಿಕೊಂಡಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಓಣಿಯ ಹೆಂಗಸರಿಗೆ ಅದೇ ಚಿಂತೆಯಾಗಿತ್ತು.

ತಲೆಯ ಕಡೆ ಕೂತು ಕೂದಲು ಬಾಚುತ್ತಿದ್ದ ಪಕ್ಕದ ಮನೆಯ ದಾಕ್ಷಾಯಣಿ ಮಾತ್ರ ಎಲ್ಲರ ಪಾಲಿನದೂ ಸೇರಿಸಿ ಅಳುತ್ತಿದ್ದಳು. ಆರೋಗ್ಯಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯಾ ಆಗಿದ್ದವಳು. “ನನ್ನ ಮೂರು ಮಕ್ಕಳನ್ನೂ ಮೊದ್ಲು ಎತ್ಕೊಂಡಿದ್ದು ಈ ಕೈಯೇ ಕಣೇ ತೆರೇಸ. ಮೂರನೇದೂ ಹೆಣ್ಣು ಅಂತ ನಮ್ಮತ್ತೆ ಮುಖ ತಿರುಗಿಸ್ಕೊಂಡು ಹೋದ್ರು. ಇವರು ಮಗೂನ ಎತ್ತಿ ಹಿಡಿದು, ‘ನೋಡು ಮಾರಾಯ್ತಿ, ಎಷ್ಟು ಕೂದಲು!’ ಅಂದ್ರು. ಅವತ್ತು ನಾನು ನಕ್ಕೆ. ಹೆತ್ತಿದ್ದಕ್ಕೆ ಸಾರ್ಥಕ ಅನ್ನಿಸ್ತು.”

ಹೊರಗೆ ಶವದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ ಸದ್ದು ನಿಂತಿತು. ಬಾಗಿಲಲ್ಲಿ ಯಾರೋ ಕೆಮ್ಮಿದರು. ತೆರೇಸ ಎದ್ದು ಹೋಗಿ ನೋಡಿದರೆ, ಶಿವಮೊಗ್ಗದ ಬಸ್ಸಿನ ಧೂಳು ಮೈಮೇಲೆ ಹಾಗೇ ಹೊತ್ತುಕೊಂಡು ಷಡಕ್ಷರಪ್ಪ ನಿಂತಿದ್ದ. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಕಾಗದದ ಪೊಟ್ಟಣ.

“ಸೀರೆ ತಂದಿದೀನಮ್ಮ,” ಎಂದು ಪೊಟ್ಟಣ ಬಿಚ್ಚಿದ. “ತವರಿನ ಕಡೆ ಯಾರೂ ಇಲ್ಲ ಅಂತ ಗೊತ್ತಿತ್ತು. ಬಾಯ್ತುಂಬ ಅಣ್ಣ ಅಂತಿದ್ಳು ನನ್ನ.”

ಹಸಿರು ಸೀರೆ. ಕೆಂಪು ಅಂಚು.

“ಅಯ್ಯೋ ಯೇಸುವೇ!” ಎಂದಳು ಒಳಗಿನಿಂದ ಇಣುಕಿದ ಲೂರ್ದಮ್ಮ. “ಗಂಡ ಸತ್ತವಳಿಗೆ ಹಸಿರು ಸೀರೆನಾ?”

ತೆರೇಸಳ ಮುಖ ಕೆಂಪಾಯಿತು. “ನಮ್ಮಪ್ಪನ್ನ ಕೊಂದಿದ್ದು ಸಾಲ್ದು ಅಂತ ಇವತ್ತು ಅಮ್ಮನ್ನ ನಗೆಪಾಟಲು ಮಾಡೋಕೆ ಬಂದ್ರಾ? ತಗೊಂಡು ಹೋಗಿ.”

ಷಡಕ್ಷರಪ್ಪ ಹೋಗಲಿಲ್ಲ. ಎದುರು ಮನೆಯ ಜಗಲಿಯ ಮೇಲೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

*

ಕೊಂದ ಎನ್ನುವುದು ದೊಡ್ಡ ಮಾತು. ಆದರೆ ಅಷ್ಟೇನೂ ಸುಳ್ಳಲ್ಲ.

ಹೊಳೆಯ ಆಚೆ ಬದಿಯ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ತೆರೇಸಳ ಅಪ್ಪ ಸವರಿಯಪ್ಪ ಕಾದ ಕಬ್ಬಿಣ ಸುರಿಯುತ್ತಿದ್ದ. ಷಡಕ್ಷರಪ್ಪ ಮರಳಿನ ಅಚ್ಚು ಮಾಡುತ್ತಿದ್ದ. ಅಚ್ಚನ್ನು ಬೆಂಕಿಯಿಟ್ಟು ಒಣಗಿಸಬೇಕು. ಒಳಗೆ ಪಸೆ ಉಳಿದರೆ ಕಬ್ಬಿಣ ಬಿದ್ದೊಡನೆ ಅದು ಆವಿಯಾಗಿ ಸಿಡಿಯುತ್ತದೆ. ಇದು ಷಡಕ್ಷರಪ್ಪನಿಗೆ ಗೊತ್ತಿಲ್ಲದ್ದಲ್ಲ; ಇಪ್ಪತ್ತು ಜನರಿಗೆ ಅವನೇ ಕಲಿಸಿದ್ದ. ಐವತ್ತೊಂದನೇ ಇಸವಿಯ ಆ ದಿನ ಅವನ ಮಗಳು ವೇದಾಳ ನಾಮಕರಣ. ಶಿವಮೊಗ್ಗದ ಬಸ್ಸು ತಪ್ಪೀತೆಂಬ ಆತುರ. ಅಚ್ಚಿನ ಮೇಲೆ ಕಣ್ಣಾಡಿಸಿ, “ಒಣಗಿದೆ, ಸುರೀರಿ,” ಎಂದು ಹೇಳಿ ಹೊರಟುಬಿಟ್ಟ. ಅವನು ಬಸ್ಸು ಹತ್ತುವ ಹೊತ್ತಿಗೆ ಸವರಿಯಪ್ಪನನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಮೂರು ದಿನ ಬದುಕಿದ್ದ.

ಅಂದಿನಿಂದ ಆರೋಗ್ಯಮ್ಮ ಬಿಳಿ ಸೀರೆ ಉಟ್ಟಳು. ಪೂಜೆ ಬಿಡಲಿಲ್ಲ, ಜಪಸರ ಬಿಡಲಿಲ್ಲ. ಬಿಟ್ಟಿದ್ದು ಒಂದೇ ಸಾಲು. ಪರಲೋಕ ಮಂತ್ರ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಬೇಡುವ ಜಾಗ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ದೇವರಿಗೆ ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಎರಡು ವರ್ಷ ಹೀಗೇ ನಡೆಯಿತು. ತೆರೇಸ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ವಯಸ್ಸಿಗೆ ಬಂದಾಗ ಚರ್ಚಿನ ಸ್ವಾಮಿಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಂತ್ರ ಕೇಳಿದರು. ತೆರೇಸ ಎಲ್ಲರಿಗಿಂತ ಜೋರಾಗಿ, ಒಂದೂ ಅಕ್ಷರ ತಡವರಿಸದೆ ಹೇಳಿದಳು. ಆ ಸಾಲು ಮಾತ್ರ ಇರಲಿಲ್ಲ.

“ನಡುವೆ ಒಂದು ಸಾಲು ಬಿಟ್ಟೆಯಲ್ಲಮ್ಮ?”

“ಇಲ್ಲ ಸ್ವಾಮಿ, ಇಷ್ಟೇ. ಅಮ್ಮ ಕಲಿಸಿದ್ದು.”

ಬಾಗಿಲ ಬಳಿ ನಿಂತಿದ್ದ ಆರೋಗ್ಯಮ್ಮ ಅದನ್ನು ಕೇಳಿಸಿಕೊಂಡಳು. ತನ್ನ ಎದೆಯ ಕಲ್ಲನ್ನು ಮಗುವಿನ ಎದೆಗೂ ದಾಟಿಸಿಬಿಟ್ಟೆನಲ್ಲ ಎಂದು ಅಂದು ತಡೆಯಲಾರದೆ ಅತ್ತಳು. ಸ್ವಾಮಿಗಳು ಬೈಯಲಿಲ್ಲ. “ಮನಸ್ಸಿಲ್ಲದೆ ಆ ಮಾತು ಹೇಳು ಅಂತ ನಾನು ಹೇಳಲ್ಲ. ಮನಸ್ಸು ಕೊಡು ಅಂತ ಕೇಳಬಹುದಲ್ಲ,” ಎಂದರಷ್ಟೇ.

ಆಮೇಲೆ ಒಂದು ವರ್ಷ, ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಆರೋಗ್ಯಮ್ಮ ಮೊಣಕಾಲೂರಿ ಗಟ್ಟಿಯಾಗಿಯೇ ಬೇಡುತ್ತಿದ್ದಳು: “ದೇವರೇ, ನನಗೆ ಮನಸ್ಸಿಲ್ಲ. ನೀನೇ ಕೊಡು.” ಕೆಲವು ದಿನ ಅದರಲ್ಲಿ ಭಕ್ತಿಗಿಂತ ಜಗಳವೇ ಜಾಸ್ತಿ ಕೇಳಿಸುತ್ತಿತ್ತು.

*

“ಮಧ್ಯಾಹ್ನ ಆಯ್ತು. ಸ್ವಾಮಿಗಳು ನಾಲ್ಕಕ್ಕೆ ಬರ್ತಾರೆ,” ಎಂದಳು ಲೂರ್ದಮ್ಮ. “ಬಿಳೀ ಸೀರೆ ಕೊಡು ತೆರೇಸ. ಆ ಮನುಷ್ಯ ಇನ್ನೂ ಬಿಸಿಲಲ್ಲೇ ಕೂತಿದಾನೆ. ನೀರು ಕೊಟ್ರೂ ಬೇಡ ಅಂದ.”

ತೆರೇಸ ಸೀರೆ ತರಲು ಅಡುಗೆಮನೆಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದಳು. ಬಿಳಿ ಸೀರೆಗಳು, ಒಂದರ ಮೇಲೊಂದು, ನಾಲ್ಕು. ಸುಮ್ಮನೆ ನೋಡುತ್ತ ನಿಂತಳು.

*

ಅವಳಿಗೆ ಹತ್ತು ವರ್ಷವಿದ್ದಾಗ ಅಮ್ಮ ಅವಳನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ್ದಳು. ದಾರಿಯುದ್ದಕ್ಕೂ ಅಮ್ಮನ ತುಟಿ ಅಲ್ಲಾಡುತ್ತಿತ್ತು. ದುರ್ಗಿಗುಡಿಯ ಒಂದು ವಠಾರದ ಮನೆಯ ಮೂಲೆಯಲ್ಲಿ ಷಡಕ್ಷರಪ್ಪ ಗೋಡೆಗೊರಗಿ ಕೂತಿದ್ದ. ಕೆಲಸ ಬಿಟ್ಟಿದ್ದ. ಗಡ್ಡ ಬೆಳೆದಿತ್ತು. ಅವನ ಹೆಂಡತಿ ಮಹಾಂತಮ್ಮ ಬಂದವರು ಯಾರೆಂದು ತಿಳಿದು ಹೆದರಿಕೊಂಡೇ ಚಾಪೆ ಹಾಸಿದಳು.

ಅಮ್ಮ ಚಾಪೆಯ ಮೇಲೆ ಕೂತು ಹೇಳಿದಳು: “ಷಡಕ್ಷರಣ್ಣ, ಪೂರ್ತಿ ಕ್ಷಮಿಸಿಬಿಟ್ಟೆ ಅಂತ ಹೇಳೋಕೆ ಬಂದಿಲ್ಲ. ಇನ್ನೂ ಆಗಿಲ್ಲ. ಆಗ್ತಾ ಇದೆ. ದೇವರು ಸ್ವಲ್ಪ ಸ್ವಲ್ಪವೇ ಕೊಡ್ತಿದಾನೆ. ಅಷ್ಟರೊಳಗೆ ನೀವು ಸತ್ತುಗಿತ್ತು ಹೋಗಬೇಡಿ ಅಂತ ಹೇಳಿ ಹೋಗೋಣ ಅಂತ ಬಂದೆ.”

ಮಹಾಂತಮ್ಮ ಅಳುತ್ತ ಹೇಳಿದಳು: “ಮಗೂನ ಒಂದಿನ ಮುಟ್ಟಿಲ್ಲಕ್ಕ. ಇದರ ಹೆಸರಿಡೋಕೆ ಹೋಗಿ ಒಬ್ಬರ ಪ್ರಾಣ ತೆಗೆದೆ ಅಂತಾರೆ. ಮೂರು ವರ್ಷ ಆಯ್ತು.”

ಬಾಗಿಲ ಸಂದಿಯಲ್ಲಿ ಬೆರಳು ಚೀಪುತ್ತ ನಿಂತಿದ್ದ ವೇದಾಳನ್ನು ಅಮ್ಮ ಎತ್ತಿಕೊಂಡು ಷಡಕ್ಷರಪ್ಪನ ಮಡಿಲಲ್ಲಿ ಕೂರಿಸಿದಳು. ಅವನು ಮಗುವನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತ. ಮಹಾಂತಮ್ಮ ಕೊಟ್ಟ ಮಂಡಕ್ಕಿಯನ್ನು ತೆರೇಸ ಮುಟ್ಟಲಿಲ್ಲ. ಈ ಮನುಷ್ಯನಿಗೆ ತಬ್ಬಿಕೊಳ್ಳಲು ಮಗಳಿದ್ದಾಳೆ, ನನ್ನ ತಬ್ಬಿಕೊಳ್ಳಲು ಅಪ್ಪ ಎಲ್ಲಿ ಎಂದಷ್ಟೇ ಅವಳಿಗೆ ಅನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಮಂತ್ರ ಹೇಳಿದಳು. ಆ ಸಾಲು ಬಂದಾಗ ಬಾಯಿ ಮುಚ್ಚಲಿಲ್ಲ. ಹೇಳಿ ಮುಗಿಸಿ ಮಗಳ ಹೆಗಲಿಗೊರಗಿ ಭದ್ರಾವತಿ ಬರುವತನಕ ನಿದ್ದೆ ಮಾಡಿದಳು. ಮೂರು ವರ್ಷದಲ್ಲಿ ಅಷ್ಟು ನೆಮ್ಮದಿಯ ನಿದ್ದೆ ಅವಳಿಗೆ ಬಂದಿದ್ದು ಅಂದೇ.

ಮುಂದೆ ಪ್ರತಿ ವರ್ಷ ಷಡಕ್ಷರಪ್ಪ ಸವರಿಯಪ್ಪನ ಸಮಾಧಿಗೆ ಹೂವು ತಂದವನು ಇವರ ಮನೆಗೂ ಬರುತ್ತಿದ್ದ. ಆಗೆಲ್ಲ ತೆರೇಸ ನೀರು ತರುವ ನೆಪದಲ್ಲಿ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ಅವನನ್ನು ಒಂದು ದಿನವೂ ಏನೆಂದೂ ಕರೆದಿರಲಿಲ್ಲ. ಮಂತ್ರದ ಆ ಸಾಲನ್ನು ಅವಳೂ ಹೇಳುತ್ತಿದ್ದಳು, ಮೇಷ್ಟರಿಗೆ ಪಾಠ ಒಪ್ಪಿಸುವ ಹಾಗೆ.

*

ತೆರೇಸ ಬಿಳಿ ಸೀರೆಯನ್ನು ಕೈಗೆತ್ತಿಕೊಂಡಳು. ಮತ್ತೆ ಅಲ್ಲೇ ಇಟ್ಟಳು. ತಣ್ಣಗಾಗಿದ್ದ ಒಲೆಯ ಮುಂದೆ, ಅಮ್ಮ ಊರುತ್ತಿದ್ದ ಜಾಗದಲ್ಲೇ ಮೊಣಕಾಲೂರಿದಳು. ಅವಳಿಗೆ ದೊಡ್ಡ ಪ್ರಾರ್ಥನೆಗಳೆಲ್ಲ ಬಾಯಿಗೆ ಬರುತ್ತಿದ್ದವು; ಈಗ ಒಂದೂ ಬರಲಿಲ್ಲ. “ನನಗೂ ಮನಸ್ಸಿಲ್ಲ ದೇವರೇ,” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಅಪ್ಪನಿಗೂ ಅಮ್ಮನಿಗೂ ಸೇರಿಸಿ ಅತ್ತಳು. ಲೂರ್ದಮ್ಮ ಬಾಗಿಲಿಗೆ ಬಂದವಳು, ಸದ್ಯ ಅತ್ತಳಲ್ಲ ಎಂದು ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದಳು.

ಕಣ್ಣೊರೆಸಿಕೊಂಡು ತೆರೇಸ ಓಣಿ ದಾಟಿ ಎದುರು ಜಗಲಿಯ ಮುಂದೆ ನಿಂತಳು.

“ಹಸಿರು ಯಾಕೆ ತಂದ್ರಿ?”

ಷಡಕ್ಷರಪ್ಪ ಸೀರೆಯ ಅಂಚು ಸವರುತ್ತ ಹೇಳಿದ: “ಅಂಗಡೀಲಿ ಬಿಳೀದೇ ಕೇಳ್ದೆ ತಾಯಿ. ಅವನು ತೆಗೆದು ಮುಂದಿಟ್ಟ. ಕೈ ಹೋಗ್ಲಿಲ್ಲ. ಹದಿನೈದು ವರ್ಷ ಅವಳು ಬಿಳೀದು ಉಟ್ಟಿದ್ದು ನನ್ನಿಂದ. ಮತ್ತೆ ನಾನೇ ಬಿಳೀದು ಕೊಟ್ಟು ಕಳಿಸ್ಲಾ? ಗಂಡನ ಹತ್ರ ಹೋಗ್ತಿದಾಳೆ… ಅಲ್ಲಿಗಾದ್ರೂ ಮುತ್ತೈದೆ ಹಂಗೆ ಹೋಗ್ಲಿ ಅಂತ. ನನಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ. ತಪ್ಪಾಗಿದ್ರೆ ಬೇಡ.”

ತೆರೇಸ ಎರಡೂ ಕೈ ಚಾಚಿ ಸೀರೆಯನ್ನು ಈಸಿಕೊಂಡಳು.

“ಜನ ಏನಂತಾರೆ ಮಾರಾಯ್ತಿ?” ಎಂದಳು ಒಳಗೆ ಲೂರ್ದಮ್ಮ.

“ತವರಿನವರು ತಂದಿದ್ದನ್ನ ಉಡಿಸ್ಬೇಕು ಅಂದೋರು ನೀವೇ ಅಲ್ವಾ?”

ದಾಕ್ಷಾಯಣಿ ನೆರಿಗೆ ಹಿಡಿದಳು, ತೆರೇಸ ಸೆರಗು ಹೊದಿಸಿದಳು. ಹಸಿರಿನಲ್ಲಿ ಆರೋಗ್ಯಮ್ಮ ಹತ್ತು ವರ್ಷ ಚಿಕ್ಕವಳಾಗಿ ಕಂಡಳು. ಕೊನೆಗೆ ಲೂರ್ದಮ್ಮನೇ ಮೂಗೊರೆಸಿಕೊಂಡು, “ಚೆನ್ನಾಗಿ ಒಪ್ಪುತ್ತೆ ಕಣೇ,” ಎಂದಳು. ಇಂಥ ತಾಯಿಯನ್ನು ಇಷ್ಟು ವರ್ಷ ಕೊಟ್ಟಿದ್ದಕ್ಕೆ ತೆರೇಸ ಮನಸ್ಸಿನಲ್ಲೇ ದೇವರಿಗೆ ಸ್ತೋತ್ರ ಹೇಳಿದಳು. ಹಾಗೆ ಹೇಳಲು ಬಂತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಸವರಿಯಪ್ಪನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಸ್ವಾಮಿಗಳು ತೀರ್ಥ ಚಿಮುಕಿಸಿ ಹಿಂದೆ ಸರಿದರು. ಮೊದಲ ಹಿಡಿ ಮಣ್ಣು ಮಗಳದು ಎಂದು ಎಲ್ಲರೂ ದಾರಿ ಬಿಟ್ಟರು. ತೆರೇಸ ತಿರುಗಿ ನೋಡಿದಳು. ಷಡಕ್ಷರಪ್ಪ ಜನರ ಹಿಂದೆ, ಬೇಲಿಯ ಪಕ್ಕ ನಿಂತಿದ್ದ.

“ಮಾವ,” ಎಂದು ಕರೆದಳು. “ಬನ್ನಿ. ಮೊದ್ಲು ನೀವು.”

ಅವನು ತನ್ನನ್ನಲ್ಲವೇನೋ ಎಂಬಂತೆ ಹಿಂದೆ ನೋಡಿದ. ಆಮೇಲೆ ತಡವರಿಸುತ್ತ ಬಂದು, ಬಗ್ಗಿ, ಮಣ್ಣು ಹಿಡಿದುಕೊಂಡ. ಕೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಬಿಗಿಹಿಡಿದ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

ತೆರೇಸ ಹತ್ತಿರ ಹೋಗಿ ಆ ಕೈಯನ್ನು ತನ್ನ ಎಡಗೈಯಲ್ಲಿ ಆನಿಸಿಕೊಂಡಳು. ಬಲಗೈಯಿಂದ ಅವನ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದಳು. ಮಣ್ಣು ಇಬ್ಬರ ಕೈಯಿಂದಲೂ ಜಾರಿ ಪೆಟ್ಟಿಗೆಯ ಮೇಲೆ ಬಿತ್ತು.