ನಾಲ್ಕು ನೀರು ತೊಳೆದ ಮೇವು

ಸೊಸೆಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಕೊಳದಲ್ಲಿ ಸಾಕಿದ್ದು ಮೀನನ್ನೇ ತಿಂದು ಬೆಳೆಯುವ ಮೀನು. ಅದಕ್ಕೆ ಸೋಯಾ ಮೇವು ಒಗ್ಗಿಸುವ ಉಸಾಬರಿಯನ್ನು ಅವಳೇ ಮೈಮೇಲೆ ಎಳೆದುಕೊಂಡಿದ್ದಳು. ಸೋಯಾದಲ್ಲಿ ಸಾಲದೆ ಬರುವ ಅಮೈನೋ ಆಮ್ಲಗಳ ಪುಡಿಯನ್ನು ತಾನೇ ತೂಗಿ, ಹಿಟ್ಟಿಗೆ ಬೆರೆಸಿ, ಗುಳಿಗೆ ಮಾಡಿಸುತ್ತಿದ್ದಳು. ಎರಡು ತಿಂಗಳಲ್ಲಿ ಮೂರು ಸಲ ಪುಡಿ ಹೆಚ್ಚಿಸಿದರೂ ಮೀನುಗಳು ಮಾತ್ರ ಕಡ್ಡಿಯಂತೆಯೇ ಇದ್ದವು.

ಮೇವು ಹಾಕುವ ಕೆಲಸ ಮಾವನದು. ಆ ಬೆಳಿಗ್ಗೆ ಅವಳು ಕೊಳದ ಹತ್ತಿರ ಹೋದಾಗ ಅವರು ಗುಳಿಗೆಯ ಬಕೆಟ್ಟು ಬಗ್ಗಿಸಿ ನೀರು ಬಸಿಯುತ್ತಿದ್ದರು.

"ಏನ್ ಮಾವ ಇದು?"

"ಸೋಯಾ ಅಂದ್ರೆ ಕಾಳು ತಾನೇ. ಕಾಳನ್ನ ನೆನೆಸ್ದೆ ಹಾಗೇ ಹಾಕ್ತಾರೇನಮ್ಮ? ಮೊದಲ್ನೇ ದಿನದಿಂದ್ಲೂ ನೆನೆಸಿ, ಎರಡು ನೀರು ತೊಳೆದೇ ಹಾಕ್ತಿದ್ದೀನಿ. ಈಚೆಗೆ ಅದೇನೋ ವಾಸನೆ ಜಾಸ್ತಿ ಆಯ್ತು, ಅದಕ್ಕೇ ನಾಲ್ಕು ನೀರು ಮಾಡ್ದೆ."

ಅವಳು ಬಕೆಟ್ಟನ್ನು ಕಸಿದುಕೊಂಡು ಮೂಸಿ ನೋಡಿದಳು. ಎರಡು ತಿಂಗಳ ದುಡಿಮೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಆ ವಾಸನೇನೇ ನನ್ನ ಪುಡಿ, ಮಾವ. ನೀರಲ್ಲಿ ಕರಗೋ ಪುಡಿ. ಅದನ್ನೇ ತೊಳೆದು ತೊಳೆದು ಚೆಲ್ಲಿದ್ದೀರಿ."

"ಚೆಲ್ಲೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದು ಮಾವ ಹಿಂದಕ್ಕೆ ಕೈ ತೋರಿಸಿದರು.

ಅಲ್ಲೊಂದು ಕುಂಬಳಬಳ್ಳಿ ಶೆಡ್ಡಿನ ಗೋಡೆ ಹತ್ತಿ, ತಗಡಿನ ಮಾಡನ್ನೆಲ್ಲ ಮುಚ್ಚಿ, ಬುಟ್ಟಿ ಗಾತ್ರದ ಕಾಯಿಗಳನ್ನು ಇಳಿಬಿಟ್ಟಿತ್ತು.

"ನಿನ್ನ ಪುಡಿ ಕೆಲಸ ಮಾಡಲ್ಲ ಅಂತ ಯಾರಮ್ಮ ಹೇಳಿದ್ದು?"