ದುರ್ಗೇಶನ ಒತ್ತೆ ಸಾಮಾನು

ದುರ್ಗೇಶನಿಗೆ ‘ಇವತ್ತು ಆಗೋದಿಲ್ಲ’ ಅನ್ನುವ ಬಾಯಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಬಳ್ಳಾರಿಯ ಬ್ರೂಸ್‌ಪೇಟೆ ಓಣಿಯಲ್ಲಿ ಮೋಟರ್ ರಿಪೇರಿ ಅಂಗಡಿ, ಹಳೆಯ ಬೈಕು, ಒಳ್ಳೆಯ ಕೈ, ಬಿಡುವಿಲ್ಲದೆ ಬಡಿದುಕೊಳ್ಳುವ ಫೋನು. ಯಾರು ಕರೆದರೂ “ದಾರ್ಯಾಗ ಅದೀನ್ರಿ, ಬಂದೇಬಿಟ್ಟೆ” ಅನ್ನುತ್ತಿದ್ದ. ಹಾಗೆ ಅನ್ನುವಾಗ ಎಷ್ಟೋ ಸಲ ಹಾಸಿಗೆಯಿಂದಲೇ ಎದ್ದಿರುತ್ತಿರಲಿಲ್ಲ.

ಎಲ್ಲರನ್ನೂ ಸಂಭಾಳಿಸಲು ಅವನೊಂದು ಉಪಾಯ ಕಂಡುಕೊಂಡಿದ್ದ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ. ಗಿರಾಕಿಯ ಮನೆಗೆ ಹೋಗಿ ಯಂತ್ರ ಬಿಚ್ಚುವುದು, ಅದರ ಮೇಲೆ ತನ್ನದೊಂದು ಸಾಮಾನು ಇಡುವುದು, “ಇದನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ? ಬಂದೇ ಬರ್ತೀನಿ” ಎಂದು ಮುಂದಿನ ಮನೆಗೆ ಗಾಡಿ ತಿರುಗಿಸುವುದು. ಒಬ್ಬ ಬಿಚ್ಚಿದ ಯಂತ್ರವನ್ನು ಇನ್ನೊಬ್ಬ ಮೆಕ್ಯಾನಿಕ್ ಸುಲಭಕ್ಕೆ ಮುಟ್ಟುವುದಿಲ್ಲ. ಸಾಮಾನು ಒತ್ತೆ ಇದೆಯಲ್ಲ ಎಂದು ಗಿರಾಕಿಯೂ ಸುಮ್ಮನಿರುತ್ತಾನೆ.

ಆ ದಿನ ಸಿರುಗುಪ್ಪದ ಎರ್ರಿಸ್ವಾಮಿಯ ಅಕ್ಕಿ ಗಿರಣಿಯಲ್ಲಿ ಮೋಟರಿನ ಬೇರಿಂಗ್ ಬದಲಿಸಬೇಕಿತ್ತು. “ಇವತ್ತು ಓಡಿಸಿಕೊಟ್ಟರ ಸುಗ್ಗಿ ಮುಗಿಯೂತನಕ ಗಿರಣ್ಯಾಗಿನ ಮೋಟರ್ ಕೆಲಸೆಲ್ಲಾ ನಿಂದ” ಎಂದಿದ್ದ ಎರ್ರಿಸ್ವಾಮಿ. ಅದೊಂದು ಸಿಕ್ಕರೆ ಊರೂರು ಅಲೆಯುವುದು ತಪ್ಪುತ್ತಿತ್ತು. ದುರ್ಗೇಶ ಬೆಳಗಾಗುತ್ತಲೇ ನೆಟ್ಟಗೆ ಸಿರುಗುಪ್ಪಕ್ಕೆ ಹೊರಟ.

ನೆಟ್ಟಗೆ ಅಂದರೆ, ಮೊದಲು ಗಾಂಧಿನಗರಕ್ಕೆ. ಸುಮಂಗಲಾ ಮೇಡಂ ಅವರ ವಾಷಿಂಗ್ ಮಷೀನ್ ಬಿಚ್ಚಿ, ಮೇಲೆ ನಟ್ಟು ಬಿಚ್ಚುವ ಪಾನಾ ಸೆಟ್ ಇಟ್ಟ. ಅಲ್ಲಿಂದ ಸುತ್ತು ಹಾಕಿ ಕುರುಗೋಡಿಗೆ. ಕೊಟ್ರಮ್ಮನ ಖಾನಾವಳಿಯ ಗ್ರೈಂಡರಿನ ತಳ ಬಿಚ್ಚಿ ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಬೇರಿಂಗ್ ಕೀಳುವ ಪುಲ್ಲರ್. ಅವಸರದಲ್ಲಿ ಅದನ್ನೇ ಇಟ್ಟು ಬಂದ.

ಗಿರಣಿ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಚೀಲ ಬಿಚ್ಚಿದ. ಒಂದು ಸ್ಕ್ರೂಡ್ರೈವರ್, ಒಂದು ಟೆಸ್ಟರ್, ತಿಂದುಳಿದ ಬಿಸ್ಕತ್ತು. ಬೇರಿಂಗ್ ಕೀಳುವ ಸಾಮಾನು ಕುರುಗೋಡಿನಲ್ಲಿ ಕೂತಿತ್ತು. ಕೊಟ್ರಮ್ಮನಿಗೆ ಫೋನ್ ಹಚ್ಚಿದ.

“ಅಕ್ಕಾ, ಆ ಪುಲ್ಲರ್ ಸಿರುಗುಪ್ಪದ ಬಸ್ಸಿಗೆ ಕೊಟ್ಟು ಕಳಸ್ರಿ.”

“ಲೇ ದುರ್ಗ್ಯಾ, ಅದಿದ್ದರ ಬರ್ತೀನಿ ಅಂದಾವ ನೀನ. ಕಳಿಸಿದರ ಯಾಕ ಬರ್ತಿ? ಹಿಟ್ಟಿನ ಡಬ್ಬ್ಯಾಗ ಇಟ್ಟೀನಿ. ಗ್ರೈಂಡರ್ ತಿರುಗಿಸು, ಒಯ್ಯಿ.”

“ಅದಕ್ಕ ಪಾನಾ ಬೇಕಲ್ರಿ, ಪಾನಾ ಗಾಂಧಿನಗರದಾಗ ಐತಿ.”

“ಹೌದೇನು? ತಲಿ ಯಾರ ಮನ್ಯಾಗ ಇಟ್ಟೀಯಪ್ಪಾ?”

ಫೋನ್ ಹಚ್ಚಿದರೆ ಸುಮಂಗಲಾ ಮೇಡಂ ಮರ್ಯಾದೆಯಿಂದಲೇ ಹೇಳಿದರು. “ಬಟ್ಟಿ ನೆನಸಿಟ್ಟೀನಪ್ಪ. ಮಷೀನ್ ಓಡಲಿ, ನಿನ್ನ ಪಾನಾ ನಿನಗ.”

ಮಷೀನಿಗೆ ಇಕ್ಕಳ ಬೇಕಿತ್ತು. ಇಕ್ಕಳ ಎಲ್ಲಿ? ದುರ್ಗೇಶ ತಲೆ ಎತ್ತಿ ನೋಡಿದ. ಗಿರಣಿ ಆಫೀಸಿನ ಫ್ಯಾನು ಹೋದ ವಾರ ಅವನು ಬಿಚ್ಚಿದ ಹಾಗೆಯೇ ನೇತಾಡುತ್ತಿತ್ತು.

“ಸಾವ್ಕಾರ್ರ, ನನ್ನ ಇಕ್ಕಳ...”

“ಐತಿ, ಗಲ್ಲಾದಾಗ ಭದ್ರ ಐತಿ,” ಎಂದ ಎರ್ರಿಸ್ವಾಮಿ. “ಮೋಟರ್ ಓಡಿದ ಮ್ಯಾಲೆ ಕೊಡ್ತೀನಿ. ಈಗ ಕೊಟ್ಟರ ಬಳ್ಳಾರಿಗೆ ಹೋಗಿ ಯುಗಾದಿಗೆ ಬರ್ತಿ.”

ತಾನೇ ನೇಯ್ದ ಬಲೆಯನ್ನು ದುರ್ಗೇಶ ಮನಸ್ಸಿನಲ್ಲೇ ಸುತ್ತಿ ನೋಡಿದ. ಎಲ್ಲಿಂದ ಹೊರಟರೂ ಗಲ್ಲಾಪೆಟ್ಟಿಗೆಗೇ ಬಂದು ನಿಲ್ಲುತ್ತಿತ್ತು.

ಎರ್ರಿಸ್ವಾಮಿ ಅಷ್ಟರಲ್ಲಿ ಊರಿನ ಇನ್ನೊಬ್ಬ ಮೆಕ್ಯಾನಿಕ್ ಶರಣನಿಗೆ ಫೋನ್ ಮಾಡಿದ್ದ. “ಈಗ ಆಗೂದಿಲ್ಲ ಸಾವ್ಕಾರ್ರ, ಕೈಯಾಗಿಂದು ಮುಗಿಸಿ ಊಟದ ಹೊತ್ತಿಗೆ ಬರ್ತೀನಿ” ಎಂದ ಶರಣ, ಊಟದ ಹೊತ್ತಿಗೇ ಬಂದ. ಅವನ ಚೀಲದಲ್ಲಿ ಎಲ್ಲ ಇತ್ತು.

“ಲೇ ದುರ್ಗ್ಯಾ, ಸುಮ್ನ ಯಾಕ ನಿಂತಿ? ಬ್ಯಾಟರಿ ಹಿಡಿ.”

ಹಿಡಿದ. ಹಿಡಿದುಕೊಂಡಿರುವಾಗಲೇ ಕೊಟ್ರಮ್ಮನ ಫೋನು. “ಅಲ್ಲಿ ಬ್ಯಾರೆ ಮೆಕ್ಯಾನಿಕ್ ಯಾರರ ಇದ್ದರ ಅವರಿಗೆ ಫೋನ್ ಕೊಡು.” ಕೊಟ್ಟ. ಶರಣ “ನಾಳಿ ಮುಂಜಾನಿ ಬರ್ತೀನ್ರಿ” ಎಂದು ಫೋನ್ ಮರಳಿಸಿದ. “ಅಕ್ಕಾ, ಪುಲ್ಲರ್?” ಎಂದ ದುರ್ಗೇಶ. “ಗ್ರೈಂಡರ್ ಕಟ್ಟಿದಾವಗ ಇನಾಮು” ಎಂದಳು ಕೊಟ್ರಮ್ಮ.

ಮೋಟರ್ ಓಡಿತು. ಸುಗ್ಗಿಯ ಕೆಲಸ ಶರಣನ ಪಾಲಾಯಿತು. ಎರ್ರಿಸ್ವಾಮಿ ಗಲ್ಲಾ ತೆಗೆದು ಇಕ್ಕಳ ಕೊಟ್ಟ. “ತಗೋ, ಮಾತಂದರ ಮಾತು.”

ಇಕ್ಕಳ ಹಿಡಿದು ಗಾಂಧಿನಗರಕ್ಕೆ ಹೊರಟರೆ ದಾರಿಯಲ್ಲಿ ಮತ್ತೆ ಫೋನು. ಮೋಕಾದ ಗಾದೆಮ್ಮನ ಹಿಟ್ಟಿನ ಗಿರಣಿ ನಿಂತಿತ್ತು. “ದಾರ್ಯಾಗ ಅದೀನ್ರಿ” ಎಂದ. ಅಪರೂಪಕ್ಕೆ ಅದು ನಿಜವೂ ಆಗಿತ್ತು. ಗಿರಣಿ ಬಿಚ್ಚಿದ. ಮೇಲೆ ಇಕ್ಕಳ ಇಟ್ಟು, “ಇದನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ?” ಎಂದು ಗಾಡಿ ಹತ್ತಿದ.

ಗಾಂಧಿನಗರದಲ್ಲಿ ಬಟ್ಟೆಗಳು ತಂತಿಯ ಮೇಲೆ ಒಣಗುತ್ತಿದ್ದವು. ಮಷೀನ್ ಇರಲಿಲ್ಲ.

“ಗುಜರಿಯವ ಬಂದಿದ್ದ, ಹಾಕಿಬಿಟ್ಟೆ,” ಎಂದರು ಸುಮಂಗಲಾ ಮೇಡಂ. “ಅದರ ಮ್ಯಾಲಿದ್ದದ್ದನ್ನೂ ಒಯ್ದ.”

ಆ ದಿನ ಹೋದದ್ದು ಒಂದು ಸುಗ್ಗಿಯ ಕೆಲಸ, ಇಬ್ಬರು ಗಿರಾಕಿಗಳು, ಒಂದು ಪುಲ್ಲರ್, ಒಂದು ಪಾನಾ ಸೆಟ್. ಮೋಕಾದ ಇಕ್ಕಳವನ್ನು ಇದರಲ್ಲಿ ಹಿಡಿದಿಲ್ಲ.